ಒಣ ಬಟ್ಟೆ ಪಕ್ಕಕ್ಕಿಡಿ, ಕಾರಿನ ಬಾಗಿಲ ಅಡಿ ನೋಡಿ

ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಸಾಕು, ಯಾರೋ ಒಬ್ಬ ಹುಡುಗ ಒಣ ಬಟ್ಟೆ ಹಿಡಿದು ಕಾರನ್ನು ತಿಕ್ಕುತ್ತಾ ಇರುತ್ತಾನೆ. ಆ ಧೂಳಿನಲ್ಲಿ ಮರಳಿನ ಪುಡಿ ಇರುತ್ತದೆ ಅಲ್ವಾ? ಎಮರಿ ಪೇಪರ್ ಹಾಕಿ ಉಜ್ಜಿದ ಹಾಗೇ ಅದು. ಬಿಸಿಲಿಗೆ ಓರೆಯಾಗಿ ನಿಂತು ನೋಡಿ, ಪೇಂಟಿನ ತುಂಬಾ ಜೇಡರ ಬಲೆಯಂಥ ಗೀರು.

ಮೊದಲು ಧಾರಾಳವಾಗಿ ನೀರು ಸುರಿದು ಮಣ್ಣು ಇಳಿಸಿ, ಆಮೇಲೆ ಕಾರಿನ ಶಾಂಪೂ. ಪಾತ್ರೆ ತೊಳೆಯುವ ಸೋಪು ಬೇಡ, ಹೊಳಪಿಗೆ ಹಚ್ಚಿದ ವ್ಯಾಕ್ಸನ್ನೂ ಜಿಡ್ಡು ಅಂತಲೇ ತೆಗೆದುಬಿಡುತ್ತದೆ. ಹಕ್ಕಿ ಹಿಕ್ಕೆಯನ್ನು ಉಗುರಲ್ಲಿ ಕೆರೆಯಬೇಡಿ, ಒದ್ದೆ ಬಟ್ಟೆ ಹಾಸಿ ನೆನೆಯಲು ಬಿಡಿ.

ಇಷ್ಟನ್ನು ಯಾರಾದರೂ ಹೇಳುತ್ತಾರೆ. ಬಾಗಿಲ ಅಡಿಯ ತೂತಿನ ವಿಷಯ ಯಾರೂ ಹೇಳುವುದಿಲ್ಲ. ಮಳೆ ನೀರು ಕಿಟಕಿ ಗಾಜಿನ ಸಂದಿಯಿಂದ ಬಾಗಿಲ ಒಳಗೆ ಇಳಿಯುತ್ತದೆ, ಇಳಿಯಲೇಬೇಕು. ಹೊರಗೆ ಹೋಗಲಿ ಅಂತಲೇ ಬಾಗಿಲ ಕೆಳ ಅಂಚಿನಲ್ಲಿ ಎರಡು ಮೂರು ಸಣ್ಣ ತೂತು ಬಿಟ್ಟಿರುತ್ತಾರೆ. ಮಣ್ಣು ಕಟ್ಟಿದರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ನಮ್ಮ ಹಳೇ ಕಾರಿನ ಬಾಗಿಲು ಹಾಕಿದಾಗಲೆಲ್ಲ ಗುಳಗುಳ ಸದ್ದು ಬರುತ್ತಿತ್ತು. ಹೇಳಿದರೆ ನಮ್ಮ ಯಜಮಾನರು, 'ನಿನ್ನ ಕಿವಿಗೇ ನೀರು ಹೋಗಿದೆ' ಅಂದರು. ಮುಂದಿನ ವರ್ಷ ಅದೇ ಜಾಗದಲ್ಲಿ ಪೇಂಟು ಬೊಕ್ಕೆಯ ಹಾಗೆ ಉಬ್ಬಿತು, ಬೆರಳಲ್ಲಿ ಒತ್ತಿದೆ, ಬೆರಳೇ ಒಳಗೆ ಹೋಯಿತು!

ಅವತ್ತಿಂದ ನಾನು ಮಾಡುವುದು ಹೀಗೆ. ಬಾಗಿಲು ಪೂರ್ತಿ ತೆರೆದು, ಪಕ್ಕದಲ್ಲಿ ಚಕ್ಕಂಬಕ್ಕಲ ಹಾಕಿ ಕೂತು, ಕೆಳ ಅಂಚನ್ನು ಬೆರಳಿಂದ ಸವರುತ್ತಾ ತೂತು ಹುಡುಕುತ್ತೇನೆ. ಕೆಲವು ಕಡೆ ರಬ್ಬರ್ ಪಟ್ಟಿಯ ಮರೆಯಲ್ಲಿ ಇರುತ್ತವೆ. ಕಡ್ಡಿಪೊರಕೆಯ ಒಂದು ಕಡ್ಡಿ ಮುರಿದು, ಒಂದಿಷ್ಟು ಹೊತ್ತು ನೀರಲ್ಲಿ ನೆನೆಸಿ, ತುದಿಯನ್ನು ಕಲ್ಲಲ್ಲಿ ಜಜ್ಜಿದರೆ ನಾರು ಬಿಟ್ಟು ಕುಂಚದ ಹಾಗಾಗುತ್ತದೆ. ಅದನ್ನು ತೂತಿಗೆ ಹಾಕಿ ಮೆಲ್ಲಗೆ ತಿರುಗಿಸಿ. ತಂತಿ ಹಾಕಿದಿರೋ ಕೆಟ್ಟಿರಿ, ಒಳಗಿನ ಪೇಂಟು ಕೆರೆದು ನೀವೇ ತುಕ್ಕನ್ನು ಕರೆದ ಹಾಗೆ. ಆಮೇಲೆ ಗಾಜಿನ ಬುಡಕ್ಕೆ ಹೊರಗಿನಿಂದ ಅರ್ಧ ಚೊಂಬು ನೀರನ್ನು ನಿಧಾನಕ್ಕೆ ಬಿಡಿ. ಮೊದಲು ಕಪ್ಪು ರಾಡಿ, ಆಮೇಲೆ ಕಂದು, ಕೊನೆಗೆ ತಿಳಿ ನೀರು ತೊಟ್ಟಿಕ್ಕುತ್ತದೆ. ತಿಳಿ ಬರುವ ತನಕ ಏಳಬೇಡಿ! ಬಾಗಿಲು ಒಣಗುವವರೆಗೆ ತೆರೆದೇ ಇರಲಿ.

ಕಲ್ಲು ಸಿಡಿದು ಪೇಂಟು ಚಕ್ಕೆ ಎದ್ದಿದ್ದರೆ ಬಿಡಬೇಡಿ. ತುಕ್ಕನ್ನು ಚೂರೂ ಬಿಡದೆ ಕೆರೆದು, ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಮುಟ್ಟಿಸಿ, ಒಣಗಿದ ಮೇಲೆ ಕಾರಿನ ಬಣ್ಣಕ್ಕೆ ಹೊಂದುವ ಟಚಪ್ ಬಣ್ಣವನ್ನು ಟೂತ್‌ಪಿಕ್ ತುದಿಯಲ್ಲಿ ಇಡಿ. ತುಕ್ಕಿನ ಮೇಲೇ ಬಣ್ಣ ಬಳಿದರೆ ಆ ತುಕ್ಕು ಕೆಳಗೆ ಹರಡುತ್ತಲೇ ಇರುತ್ತದೆ. ಒದ್ದೆ ಕಾರಿಗೆ ಕವರ್ ಹೊದಿಸಬೇಡಿ. ಹಾಂ, ಡಿಕ್ಕಿಯ ಸ್ಟೆಪ್ನಿ ಎತ್ತಿ ಅಡಿಗೆ ಕೈ ಹಾಕಿ ನೋಡಿ, ಅಲ್ಲೂ ನೀರು ನಿಂತಿರಬಹುದು, ಪಂಕ್ಚರ್ ಆಗುವ ತನಕ ನೀವು ಅತ್ತ ತಿರುಗಿಯೂ ನೋಡುವುದಿಲ್ಲ ಅಂತ ನನಗೆ ಗೊತ್ತು.