ಥರ್ಮಾಕೋಲ್, ಹಾಲಿನ ಕವರ್, ಚಿಪ್ಸ್ ಪ್ಯಾಕೆಟ್: ಯಾರಿಗೆ ಕೊಡೋದು?

ಹೊಸ ಟಿವಿ, ಫ್ರಿಜ್ ತರಿಸುವವರು ಗಮನಿಸಿ. ಡೆಲಿವರಿಯವರು ಹೊರಡುವ ಮೊದಲೇ ಥರ್ಮಾಕೋಲ್ ವಾಪಸ್ ಒಯ್ಯುತ್ತೀರಾ ಅಂತ ಕೇಳಿ. ಅದರಲ್ಲಿ 95 ಪರ್ಸೆಂಟ್‌ಗಿಂತ ಜಾಸ್ತಿ ಗಾಳಿಯೇ. ಗಾಡಿ ತುಂಬುತ್ತದೆ, ತೂಕ ಬರುವುದಿಲ್ಲ. ಗುಜರಿಯವರು ಬೇಡ ಅನ್ನುವುದು ಅದಕ್ಕೇ. ಉಳಿದರೆ ಟೇಪ್ ಕಿತ್ತು, ಮುರಿಯದೆ ಇಡಿ. ಮುರಿದರೆ ಬಿಳಿ ಕಾಳು ಹಾರಿ ಮೋರಿ ಸೇರುತ್ತದೆ. ವಾರ್ಡಿನ ಒಣಕಸ ಕೇಂದ್ರದಲ್ಲಿ ತೊಗೊಳ್ತಾರಾ ಅಂತ ವಿಚಾರಿಸಿಯೇ ಹೋಗಿ, ಸುಮ್ನೆ ಹೊತ್ತುಕೊಂಡು ಹೋಗಬೇಡಿ.

ಬಬಲ್ ಶೀಟ್, ಫೋಮ್ ಹಾಳೆ ಚೆನ್ನಾಗಿದ್ದರೆ ಪಾತ್ರೆ ಅಂಗಡಿ, ಕೊರಿಯರ್‌ನವರನ್ನು ಕೇಳಿ ನೋಡಿ. ಅವರಿಗೆ ಅದು ದಿನಾ ಬೇಕು.

ಹಾಲಿನ ಕವರಿಗೆ ಗುಜರಿಯಲ್ಲಿ ಬೆಲೆಯಿದೆ. ಆದರೆ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ತುಂಡು ಕವರಿಗೇ ಅಂಟಿಕೊಂಡಿರಲಿ. ಬಿಡಿ ಚೂರನ್ನು ಯಾರೂ ಆರಿಸುವುದಿಲ್ಲ, ಅಲ್ವಾ? ತೊಳೆದು ಸಿಂಕ್ ಮೇಲಿನ ಟೈಲ್ಸಿಗೆ ಅಂಟಿಸಿದರೆ ತಾನೇ ಒಣಗುತ್ತದೆ.

ಒಳಗೆ ಬೆಳ್ಳಿ ಬಣ್ಣವಿರುವ ಚಿಪ್ಸ್ ಪ್ಯಾಕೆಟ್ ಕರಗಿಸಿ ಹೊಸ ಪ್ಲಾಸ್ಟಿಕ್ ಮಾಡುವುದು ಕಷ್ಟ, ಪದರಗಳು ಬೇರೆಯಾಗುವುದಿಲ್ಲ. ಇಂಥವನ್ನು ಸಿಮೆಂಟ್ ಕಾರ್ಖಾನೆಗಳು ಕಲ್ಲಿದ್ದಲಿನ ಜೊತೆ ಉರಿಸುತ್ತವೆ. ಎಣ್ಣೆ, ಪುಡಿ ಒರೆಸಿ ಒಣಕಸಕ್ಕೇ ಹಾಕಿ.