ಲಿಪಿಯ ಗುರುತಿಲ್ಲದ ಇಸ್ಕಿ ಕಡತಗಳಿಂದ ಕನ್ನಡವನ್ನು ಬೇರ್ಪಡಿಸಿದ ಬಗೆ

ಪುಣೆಯ ನಮ್ಮ ಪತ್ತಿನ ಸಹಕಾರ ಸಂಘದ ಹಳೆಯ ಸದಸ್ಯರ ಪಟ್ಟಿಯು ಭಾರತೀಯ ಲಿಪಿಗಳನ್ನು ತೋರಿಸಲು ಕಂಪ್ಯೂಟರಿಗೆ ಜೋಡಿಸುತ್ತಿದ್ದ ಜಿಸ್ಟ್ ಕಾರ್ಡಿನ ಕಾಲದ, ಡಿಬೇಸ್ ಎಂಬ ದತ್ತಾಂಶ ತಂತ್ರಾಂಶದ ಕಡತಗಳಲ್ಲಿ ಉಳಿದಿತ್ತು. ದಾಖಲೆಗಳು ಸುಮಾರು ಒಂಬತ್ತು ಸಾವಿರ. ಕನ್ನಡ ಮತ್ತು ಮರಾಠಿ ಹೆಸರುಗಳು ಒಂದೇ ಅಂಕಣದಲ್ಲಿ ಬೆರೆತಿದ್ದವು. ಭಾರತೀಯ ಲಿಪಿಗಳಿಗೆಂದು ರೂಪಿಸಿದ ಸಂಕೇತಪಟ್ಟಿಯಾದ 1991ರ ಇಸ್ಕಿಯಲ್ಲಿ ಎರಡೂ ಲಿಪಿಗಳ ಕಕಾರಕ್ಕೆ ಬಿ3 ಎಂಬ (ಹದಿನಾರರ ಲೆಕ್ಕದ ಸಂಖ್ಯೆ) ಒಂದೇ ಬೈಟು ಇರುವುದರಿಂದ, ಕನ್ನಡವೆಂದು ಸಾರುವ ಇಎಫ್ 48 ಜೋಡಿಯನ್ನು ಸೇರಿಸದೆ ಬಿಟ್ಟ ಕಡತದಲ್ಲಿ ಲಿಪಿಯನ್ನು ಪತ್ತೆಹಚ್ಚುವುದು ದೇವರಿಂದಲೂ ಆಗದೆಂದು ಸಂಘದ ಲೆಕ್ಕಿಗರು ಕೈಚೆಲ್ಲಿದ್ದರು. ಎಲ್ಲವನ್ನೂ ಮತ್ತೆ ಟೈಪು ಮಾಡಿಕೊಡಲು ಗುತ್ತಿಗೆದಾರರೊಬ್ಬರು ನಲವತ್ತು ಸಾವಿರ ರೂಪಾಯಿಯಷ್ಟು ಕೇಳಿದ್ದರು.

ಪುಣೆಯ ಹಳೆಯ ಸಾಮಾನುಗಳ ಸಂತೆಯಾದ ಜೂನಾ ಬಜಾರಿನಲ್ಲಿ ಮೂರು ಸಾವಿರದ ಆಸುಪಾಸಿನಲ್ಲಿ ಕೊಂಡ ಹಳೆಯ ಯಂತ್ರಕ್ಕೆ ಸಂಘದ ಕಾರ್ಡನ್ನೇ ಜೋಡಿಸಿ ನೋಡಿದೆನು. ಕೀಲಿ ಒತ್ತಿದಂತೆ ಅದು ಅದೇ ಬೈಟುಗಳನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ದೇವನಾಗರಿಯಲ್ಲಿ ತೋರಿಸಿತೇ ಹೊರತು ಯಾವುದು ಸರಿಯೆಂದು ಹೇಳಲಿಲ್ಲ. ಆ ದುಡ್ಡು ನೀರಿನಲ್ಲಿ ಹೋಮವಾಯಿತು. ಬೈಟುಗಳನ್ನು ಕನ್ನಡದ ಇಸ್ಕಿಯೆಂದು ಓದುವ ವಿಂಡೋಸಿನ 57008 ಕೋಡ್‌ಪೇಜಿಗೆ ಎಲ್ಲವನ್ನೂ ಒಡ್ಡಿದಾಗ ಮರಾಠಿಗರೆಲ್ಲರೂ ಕನ್ನಡ ಲಿಪಿಗೆ ಬಂದು ಕುಳಿತರು.

ಕೊನೆಗೆ ಫಲಿಸಿದ್ದು ಸ್ವರಚಿಹ್ನೆಗಳ ಎಣಿಕೆ. ಹ್ರಸ್ವ ಎಕಾರದ ಇ0, ಹ್ರಸ್ವ ಒಕಾರದ ಇ4 ಬೈಟುಗಳು ಮರಾಠಿ ಬರವಣಿಗೆಗೆ ಬೇಕಾಗುವುದಿಲ್ಲ. ಚೆನ್ನಪ್ಪ, ಹೊಸಮನಿ, ದೊಡ್ಡಮನಿಗಳಿಗೆ ಅವಿಲ್ಲದೆ ಗತಿಯಿಲ್ಲ. ಡಾಕ್ಟರನ್ನು ಮರಾಠಿಯಲ್ಲಿ ಬರೆಯಲು ಬೇಕಾಗುವ ಅರ್ಧಚಂದ್ರದ ಇ7 ಕನ್ನಡದಲ್ಲಿ ಇಲ್ಲವೇ ಇಲ್ಲ. ಈ ಮೂರರಿಂದಲೇ ಅರ್ಧಕ್ಕಿಂತ ಹೆಚ್ಚು ದಾಖಲೆಗಳು ಬೇರ್ಪಟ್ಟವು. ಸೊಲ್ಲಾಪುರದ ಕಡೆಯ ಹೆಸರುಗಳು ಮಾತ್ರ ಬಹಳ ಕಾಡಿದವು: ಸಿದ್ಧಪ್ಪ ಎಂಬುದು ಎರಡೂ ಭಾಷೆಗಳಲ್ಲಿ ಸಲ್ಲುತ್ತದೆ, ಆದರೆ ಮರಾಠಿಯಲ್ಲಿ ಬರೆದವರು ಕೊನೆಗೆ ದೀರ್ಘವನ್ನು ಹಾಕುತ್ತಾರೆ. ಆದುದರಿಂದ ಪದಾಂತ್ಯದಲ್ಲಿ ಡಿಎ ಇದ್ದರೆ ಮರಾಠಿಯತ್ತ, ಇಲ್ಲದಿದ್ದರೆ ಕನ್ನಡದತ್ತ ತೂಕ ಕೊಟ್ಟೆನು. ಅಕ್ಕಪಕ್ಕದ ದಾಖಲೆಗಳಿಂದ ಈ ತೂಕವನ್ನು ತಿದ್ದುವ ಲೆಕ್ಕ ಒಂದಿದೆ. ಅದನ್ನು ಇಲ್ಲಿ ಬಿಡಿಸಿ ಹೇಳಲಾರೆ.

ಬೇರ್ಪಟ್ಟ ಮೇಲಿನ ಕೆಲಸ ಸಲೀಸು. ಇಂದಿನ ಸಾರ್ವತ್ರಿಕ ಸಂಕೇತಪಟ್ಟಿಯಾದ ಯುನಿಕೋಡಿನ ಭಾರತೀಯ ವಿಭಾಗಗಳು ಇಸ್ಕಿಯ ಕ್ರಮವನ್ನೇ ಅನುಸರಿಸಿರುವುದರಿಂದ ದೇವನಾಗರಿಯ 0915ಕ್ಕೆ 380 ಕೂಡಿಸಿದರೆ ಕನ್ನಡದ ಕಕಾರದ 0ಸಿ95 ಸಿಗುತ್ತದೆ. ಹದಿನಾರರ ಲೆಕ್ಕದಲ್ಲಿ ಎಂಬುದನ್ನು ಬಲ್ಲವರಿಗೆ ಹೇಳಬೇಕಿಲ್ಲ. ಸ್ವರವಿಲ್ಲವೆಂದು ಸೂಚಿಸುವ ಹಲಂತಗಳು ಎರಡು ಜೊತೆಯಾಗಿ ಬಂದಲ್ಲಿ ಒಂದು ಹಲಂತವನ್ನಿಟ್ಟು ಅದರ ನಂತರ, ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರವಾದ 200ಸಿ ಇಡಬೇಕು. ಅನುಸ್ವಾರದ ಎ2 ಇರಬೇಕಾದಲ್ಲಿ ಸೊನ್ನೆಯ ಎಫ್1 ಒತ್ತಿದ್ದ ಟೈಪಿಸ್ಟರಿಗಾಗಿ ಬೇರೆಯೇ ಜರಡಿ ಹಿಡಿಯಬೇಕಾಯಿತು.

ನಡುವೆ, ಚಪಲಕ್ಕೆಂದು, ಈ ಕೆಲಸಕ್ಕೆ ಪೈಥಾನ್ ಭಾಷೆಯಲ್ಲಿ ಬರೆದ ಕಾರ್ಯಕ್ರಮದ ಚರಗಳಿಗೂ (ಬೆಲೆಗಳನ್ನು ಹಿಡಿದಿಡುವ ಹೆಸರುಗಳಿಗೂ) ಕನ್ನಡದಲ್ಲೇ ಹೆಸರಿಟ್ಟೆನು. ಒತ್ತಕ್ಷರಗಳನ್ನೂ ಅದು ತಕರಾರಿಲ್ಲದೆ ಒಪ್ಪಿತು. ರಾಜ್‌ಕುಮಾರದಲ್ಲಿರುವಂತೆ ಹೆಸರಿನೊಳಗೆ 200ಸಿ ನುಸುಳಿದಾಗ ಮಾತ್ರ ದೋಷವೆಂದು ನಿಲ್ಲಿಸಿತು.

ಫ್ಲಾಪಿ ಡ್ರೈವಿನ ಬೆಲೆಯನ್ನೂ ಸೇರಿಸಿ ನನಗೆ ತಗುಲಿದ ಖರ್ಚು ಐದು ಸಾವಿರದ ಒಳಗೆ. ಎರಡು ಕಡೆಗೂ ಸೇರದ ಇನ್ನೂರು ಚಿಲ್ಲರೆ ಹೆಸರುಗಳನ್ನು ಆ ಲೆಕ್ಕಿಗರೇ ಕಾಗದದ ಖಾತೆ ಪುಸ್ತಕದೊಡನೆ ತಾಳೆ ನೋಡಿದರು. ಮೂವತ್ತು ಬೈಟಿಗೆ ಕತ್ತರಿಸಿಹೋಗಿ ಹಲಂತದಲ್ಲಿ ನಿಂತ ಉದ್ದ ಹೆಸರುಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಕಡತದಲ್ಲಿ ಇಲ್ಲದ ಅಕ್ಷರವನ್ನು ಊಹಿಸಿ ಸೇರಿಸುವ ಕೆಲಸಕ್ಕೆ ನಾನು ಕೈಹಾಕಲಿಲ್ಲ.