ಮೊಬೈಲ್‌ನ ಹಸಿರು ಕಾಗದದ ಮೇಲೆ ಯಾಕೆ ಮಂಕಾಗುತ್ತದೆ? ಆರ್‌ಜಿಬಿ, ಸಿಎಂವೈಕೆ ಆರಿಸುವುದು ಹೀಗೆ

ತೀರ್ಥಹಳ್ಳಿ, ಸಾಗರದ ಕಡೆ ಹೋಂಸ್ಟೇ ನಡೆಸುವವರ ಬಾಯಲ್ಲಿ ಈ ದೂರು ಸಾಮಾನ್ಯ. ಗದ್ದೆಯ ಫೋಟೊ ಮೊಬೈಲ್‌ನಲ್ಲಿ ಹಚ್ಚಹಸಿರು, ಬ್ರೋಷರ್‌ನಲ್ಲಿ ಸಪ್ಪೆ. ಬೈಗುಳವೆಲ್ಲ ಪ್ರೆಸ್ಸಿನವರಿಗೆ. ಆದರೆ ಬಹಳ ಸಲ ತಪ್ಪು ಅವರದ್ದಲ್ಲ. ಡಿಸೈನ್ ಕೊನೆಗೆ ಕಾಣುವುದು ಪರದೆಯ ಮೇಲೋ, ಕಾಗದದ ಮೇಲೋ ಎಂದು ಶುರುವಿನಲ್ಲಿ ಯಾರೂ ಕೇಳಿರುವುದಿಲ್ಲ.

ಪರದೆ ಬಣ್ಣ ಮಾಡುವುದು ಬೆಳಕಿನಿಂದ. ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ ಬೆಳಗಿದರೆ ಬಿಳಿ. ಇದು ಆರ್‌ಜಿಬಿ, ಒಂದೊಂದಕ್ಕೂ 0ಯಿಂದ 255ರವರೆಗೆ ಅಳತೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಒಂದಷ್ಟನ್ನು ಶಾಯಿ ನುಂಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಸಯಾನ್ (ತಿಳಿ ನೀಲಿ), ಮಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಲೆಕ್ಕವೇ ಸಿಎಂವೈಕೆ, ಒಂದೊಂದಕ್ಕೂ ಶೇಕಡಾ ಲೆಕ್ಕದಲ್ಲಿ 0ಯಿಂದ 100ರವರೆಗೆ ಅಳತೆ. ಪರದೆ ತೋರಿಸುವ ಎಷ್ಟೋ ಬಣ್ಣಗಳು ಈ ನಾಲ್ಕು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಫಿಲ್ಟರ್ ಹಾಕಿ ಹೊಳಪೇರಿಸಿದ ಎಳೆ ಹಸಿರಿಗೆ ಮೊದಲ ಏಟು. ಮಲೆನಾಡಿನ ಫೋಟೊಗಳಲ್ಲಿ ಇರುವುದೇ ಅದು, ಅಲ್ವಾ?

ಮೊದಲು ಜಾಗ ಗೊತ್ತು ಮಾಡಿಕೊಳ್ಳಿ

ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಸ್ಟೇಟಸ್, ವೆಬ್‌ಸೈಟ್, ಜಾತ್ರೆಯ ಎಲ್‌ಇಡಿ ಪರದೆ: ಇವಕ್ಕೆಲ್ಲ ಆರ್‌ಜಿಬಿ. ಅದರಲ್ಲೂ ಎಸ್‌ಆರ್‌ಜಿಬಿ ಪ್ರೊಫೈಲ್ ಇರಲಿ. ಪ್ರೊಫೈಲ್ ಅಂದರೆ ಫೈಲಿನ ಅಂಕಿಗಳು ಯಾವ ಬಣ್ಣ ಎಂದು ಹೇಳುವ ಅಳತೆಗೋಲು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಈ ಅಳತೆಯನ್ನು ಎಲ್ಲ ಫೋನ್‌ಗಳೂ ಅರ್ಥ ಮಾಡಿಕೊಳ್ಳುತ್ತವೆ. ಬ್ರೋಷರ್, ಲಗ್ನಪತ್ರಿಕೆ, ಪುಸ್ತಕದ ರಕ್ಷಾಪುಟಕ್ಕೆ ಸಿಎಂವೈಕೆ. ಯಕ್ಷಗಾನದ ಕರಪತ್ರವನ್ನು ಹಳದಿ ಕಾಗದದ ಮೇಲೆ ಕಪ್ಪು ಶಾಯಿಯೊಂದರಲ್ಲೇ ಹೊಡೆಸುತ್ತೀರಾ? ಹಾಗಾದರೆ ಎರಡೂ ಬೇಡ, ಗ್ರೇಸ್ಕೇಲ್ (ಬರೀ ಕಪ್ಪು, ಬೂದು, ಬಿಳಿ) ಸಾಕು.

ಎರಡೂ ಕಡೆ ಬೇಕೆಂದರೆ ಕೆಲಸವನ್ನು ಆರ್‌ಜಿಬಿಯಲ್ಲೇ ಮಾಡಿ. ಕೊನೆಗೆ ಒಂದು ಪ್ರತಿ ತೆಗೆದು ಅದನ್ನು ಮಾತ್ರ ಸಿಎಂವೈಕೆಗೆ ಬದಲಿಸಿ. ಮೂಲ ಫೈಲ್ ಮುಟ್ಟಬೇಡಿ. ಒಮ್ಮೆ ಸಿಎಂವೈಕೆಗೆ ಹೋದಾಗ ಕಳೆದ ಬಣ್ಣ, ಮತ್ತೆ ಆರ್‌ಜಿಬಿ ಮಾಡಿದರೆ ವಾಪಸ್ ಬರುವುದಿಲ್ಲ.

ಪ್ರೆಸ್ಸಿಗೆ ಒಂದು ಫೋನ್

ಬದಲಿಸುವ ಮೊದಲು ಎರಡು ವಿಷಯ ಕೇಳಿ: ಯಾವ ಕಾಗದ, ಯಾವ ಪ್ರೊಫೈಲ್? ನುಣುಪು ಲೇಪದ ಆರ್ಟ್ ಪೇಪರ್ ಮೇಲೆ ಶಾಯಿ ನಿಲ್ಲುತ್ತದೆ, ಲೇಪವಿಲ್ಲದ ಮ್ಯಾಪ್‌ಲಿಥೊ ಕಾಗದ ಹೀರಿಕೊಳ್ಳುತ್ತದೆ, ಬಣ್ಣ ಇನ್ನಷ್ಟು ಮಂಕಾಗುತ್ತದೆ. ಕೆಲವು ಡಿಜಿಟಲ್ ಮಷಿನ್‌ನವರು ಆರ್‌ಜಿಬಿ ಫೈಲನ್ನೇ ಕೇಳಬಹುದು. ಆಗ ಸುಮ್ನೆ ಬದಲಿಸಲು ಹೋಗಬೇಡಿ.

ಮುಂಚೆಯೇ ನೋಡಿ

ಫೋಟೊಶಾಪ್‌ನಲ್ಲಿ ಕಂಟ್ರೋಲ್ ಮತ್ತು ವೈ ಒತ್ತಿ. ಫೈಲ್ ಬದಲಾಗದೆ, ಅಚ್ಚಿನಲ್ಲಿ ಬಣ್ಣ ಹೇಗೆ ಬರಬಹುದು ಎಂದು ಕಾಣುತ್ತದೆ. ಗದ್ದೆಯ ಹಸಿರು ಇಳಿದದ್ದು ಅಲ್ಲೇ ಗೊತ್ತಾಗುತ್ತದೆ. ಹೊಳಪು ವಾಪಸ್ ತರಲು ಒದ್ದಾಡಬೇಡಿ. ಹಿಂದಿನ ಕಾಡನ್ನು ಸ್ವಲ್ಪ ಗಾಢ ಮಾಡಿದರೆ ಮುಂದಿನ ಗದ್ದೆ ತಾನಾಗಿ ಎದ್ದು ಕಾಣುತ್ತದೆ.

ನೀಲಿಗೂ ಇದೇ ಕಥೆ. ಪರದೆಯ ಅಪ್ಪಟ ನೀಲಿ ಅಚ್ಚಿನಲ್ಲಿ ನೇರಳೆಯಾಗುತ್ತದೆ. ಮಜೆಂಟಾವನ್ನು ಸಯಾನ್‌ಗಿಂತ ಕನಿಷ್ಠ 30 ಅಂಕ ಕೆಳಗಿಡಿ. ಸಯಾನ್ 100 ಇದ್ದರೆ ಮಜೆಂಟಾ 60ರ ಆಸುಪಾಸು ಇರಲಿ.

ಅಕ್ಷರದ ಕಪ್ಪು

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಆರ್‌ಜಿಬಿಯ ಕಪ್ಪನ್ನು ಫೋಟೊಶಾಪ್‌ನ ಹಳೆಯ ಅಮೆರಿಕನ್ ಪ್ರೊಫೈಲ್‌ನಲ್ಲಿ ಬದಲಿಸಿದರೆ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಎಂದು ಬರುತ್ತದೆ. ಒಟ್ಟು 300. ಅಂದರೆ ಒಂದು ಪುಟ್ಟ ಅಕ್ಷರಕ್ಕೆ ಶಾಯಿಗೊಂದರಂತೆ ನಾಲ್ಕು ಅಚ್ಚಿನ ಪ್ಲೇಟು! ನಾಲ್ಕೂ ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ಕೂರಬೇಕು. ನಮ್ಮ ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಹಾಗಾಗಿ ಸ್ವಲ್ಪ ಸರಿಯುವ ಸಾಧ್ಯತೆ ಜಾಸ್ತಿ. ಸರಿದರೆ ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ನೆರಳು. ಇಂಗ್ಲಿಷ್ ಅಕ್ಷರ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರ ಮಾತ್ರ ಕಲಸಿಹೋಗುತ್ತದೆ. ‘ತೀರ್ಥಹಳ್ಳಿ’ಯನ್ನು ಸಣ್ಣ ಅಕ್ಷರದಲ್ಲಿ ಹೊಡೆಸಿ ನೋಡಿ, ಮೊದಲು ಕೆಡುವುದು ಅರ್ಕಾವೊತ್ತು ಮತ್ತು ಳಕಾರದ ಒತ್ತು. ಆದ್ದರಿಂದ ಸಾಲುಗಳ ಅಕ್ಷರಕ್ಕೆ ಕಪ್ಪು 100, ಉಳಿದ ಮೂರೂ ಸೊನ್ನೆ.

ಪ್ರೂಫ್ ನೋಡಿ, ಆಮೇಲೆ ಕಳಿಸಿ

ಆಯ್ದ ಕಾಗದದ ಮೇಲೆಯೇ ಒಂದು ಪ್ರೂಫ್, ಅಂದರೆ ಮಾದರಿ ಪ್ರತಿ, ತೆಗೆಸಿ. ಪ್ರೆಸ್ಸಿನ ಟ್ಯೂಬ್‌ಲೈಟ್ ಕೆಳಗೆ ಒಪ್ಪಿಗೆ ಕೊಡಬೇಡಿ. ಬಾಗಿಲ ಹೊರಗೆ ತಂದು ಹಗಲು ಬೆಳಕಿನಲ್ಲಿ ನೋಡಿ.

ಡಿಸೈನ್ ಆ್ಯಪ್ ಕ್ಯಾನ್ವಾದ ಉಚಿತ ಆವೃತ್ತಿಯಲ್ಲಿ ಸಿಎಂವೈಕೆ ಸಿಗುವುದಿಲ್ಲ. ಅದಕ್ಕೆ ಹಣ ಕೊಡುವ ಪ್ರೊ ಆವೃತ್ತಿ ಬೇಕು, ಇಲ್ಲವೇ ಪುಟ ವಿನ್ಯಾಸದ ಉಚಿತ ಸಾಫ್ಟ್‌ವೇರ್ ಸ್ಕ್ರೈಬಸ್ ಕಲಿಯಬಹುದು. ಪ್ರೆಸ್ಸಿಗೆ ಪಿಡಿಎಫ್ ಕೊಡಿ, ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಹರಡಿದ ಚಿತ್ರ) ಬಿಡಿ. ವಾಟ್ಸ್‌ಆ್ಯಪ್‌ನಲ್ಲೇ ಕಳಿಸುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲ್‌ಗಳ ಹೆಸರಿನಲ್ಲೇ ‘ಮೊಬೈಲ್’, ‘ಪ್ರೆಸ್’ ಎಂದು ಬರೆದಿಡಿ. ಅದಲುಬದಲಾಗಿ ಸಿಎಂವೈಕೆ ಚಿತ್ರ ಫೋನ್‌ಗೆ ಹೋದರೆ ಅಲ್ಲೂ ಬಣ್ಣ ವಿಚಿತ್ರವಾಗಿ ಕಾಣಬಹುದು.